ಮೊದಲ ರೋಗಿಯನ್ನು ಮುಟ್ಟುವ ಕೈ



ಮೂವತ್ತು ವರ್ಷಕ್ಕೂ ಮೀರಿ ನಾನು ನರ್ಸ್ ಆಗಿದ್ದೆ. ಕೊನೆಯ ಹದಿನಾಲ್ಕು ವರ್ಷ ಹೊಸೂರು ರಸ್ತೆಯ ಒಂದು ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ಹೊಣೆ ನನ್ನದಾಗಿತ್ತು. ಸೋಂಕು ನಿಯಂತ್ರಣ ಅಂದರೆ ದಿನವಿಡೀ ಬೇರೆಯವರ ಕೈ ನೋಡುವ ಕೆಲಸ. ರೋಗಿಯನ್ನು ಮುಟ್ಟುವ ಮೊದಲು ಯಾರು ಕೈ ತೊಳೆದರು, ಯಾರು ತೊಳೆಯಲಿಲ್ಲ, ಗ್ಲೌಸ್ ಹಾಕಿದ ಕೈಯಲ್ಲೇ ಯಾರು ಫೋನ್ ಎತ್ತಿದರು, ಬಳಸಿದ ಸೂಜಿಯನ್ನು ಬಿಳಿ ಡಬ್ಬಕ್ಕೆ ಹಾಕುವ ಬದಲು ಯಾರು ಹಳದಿ ಚೀಲಕ್ಕೆ ಎಸೆದರು, ಹೀಗೆ. ಇವತ್ತಿನ ನನ್ನ ಮಾತೂ ಕೈಯ ಬಗ್ಗೆಯೇ. ಇನ್ನೊಂದು ಮಹಾಮಾರಿ ಬಂದರೆ, ಅದರ ಮೊದಲ ರೋಗಿಯನ್ನು ಮುಟ್ಟುವ ಕೈ ಯಾರದು? ಆ ಕೈ ಪಳಗಿದೆಯೇ?

2020ರ ಮಾರ್ಚ್ 9ರಂದು ರಾಜ್ಯದ ಮೊದಲ ಕೊರೊನಾ ಪ್ರಕರಣ ಬೆಂಗಳೂರಿನಲ್ಲಿ ಪತ್ತೆಯಾಯಿತು. ಅಮೆರಿಕದಿಂದ ಹಿಂದಿರುಗಿದ ಸಾಫ್ಟ್‌ವೇರ್ ಎಂಜಿನಿಯರ್ ಅವರು. ಮರುದಿನ ಕಲಬುರಗಿಯಲ್ಲಿ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೊರೊನಾ ಸಾವು ಅನ್ನುವುದು ತಿಳಿದದ್ದು 12ನೇ ತಾರೀಕು, ಅವರು ಹೋದ ಮೇಲೆ. ಅವರನ್ನು ಮನೆಯಲ್ಲೇ ನೋಡಿದ್ದ ವೈದ್ಯರಿಗೂ ಸೋಂಕು ತಗುಲಿತ್ತು. ಆ ಸುದ್ದಿ ಓದಿದ ದಿನ ನಮ್ಮ ನರ್ಸಿಂಗ್ ಸ್ಟೇಷನ್‌ನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಅದೇ ವಾರ ಇಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳು ಖಾಲಿಯಾಗತೊಡಗಿದವು. ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೇರಿಸಿಕೊಂಡು ಹುಡುಗ ಹುಡುಗಿಯರು ಊರಿಗೆ ಹೊರಟರು. ಸದಾ ಗಿಜಿಗುಡುವ ಮೇಲ್ಸೇತುವೆ ಭಣಗುಟ್ಟಿತು. ನಮ್ಮ ಆಸ್ಪತ್ರೆಯ ಗೇಟಿನಲ್ಲಿ ಮಾತ್ರ ಒಬ್ಬ ಹುಡುಗ ನಿಂತಿದ್ದ. ಮಾನ್ವಿ ಕಡೆಯವನು, ಏಜೆನ್ಸಿಯ ಸೆಕ್ಯುರಿಟಿ ಗಾರ್ಡ್. ಅವನ ಕೈಗೆ ಹಣೆಗೆ ಹಿಡಿಯುವ ಥರ್ಮಾಮೀಟರ್ ಕೊಟ್ಟು, ಬಂದವರಿಗೆಲ್ಲ ಜ್ವರ ನೋಡು, ಕೆಮ್ಮು ಇದೆಯಾ ಕೇಳು ಅಂದಿದ್ದರು. ಬಟ್ಟೆಯ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು, ಒಬ್ಬೊಬ್ಬರ ಮುಖಕ್ಕೆ ಗೇಣು ದೂರದಲ್ಲಿ ಬಾಗಿ ಕೇಳುತ್ತಿದ್ದ. ಮೊದಲ ದಿನ ಸಂಜೆ ನನ್ನನ್ನು ತಡೆದು, "ಮೇಡಂ, ಜ್ವರ ಇದ್ರ ಏನ್ ಮಾಡ್ಲಿರಿ? ಒಳಗ ಬಿಡ್ಲೋ, ಹೊರಗ ನಿಂದ್ರಸ್ಲೋ?" ಅಂದ.

ವೈದ್ಯರಿಗೆ, ನರ್ಸ್‌ಗಳಿಗೆ, ಲ್ಯಾಬ್‌ನವರಿಗೆ ಏನು ಹೇಳಬೇಕೋ ಅದನ್ನೆಲ್ಲ ನಾನು ಹೇಳಿಯಾಗಿತ್ತು. ತರಬೇತಿಯ ಹಾಜರಿ ಪುಸ್ತಕದಲ್ಲಿ ಅವರೆಲ್ಲರ ಸಹಿಯೂ ಇತ್ತು. ಆ ಹುಡುಗನ ಹೆಸರು ಅದರಲ್ಲಿರಲಿಲ್ಲ, ಏಕೆಂದರೆ ಅವನು ನಮ್ಮ ಸಿಬ್ಬಂದಿ ಅಲ್ಲ, ಏಜೆನ್ಸಿಯವನು. ನೆಲ ಒರೆಸುವ ಅಕ್ಕನ ಹೆಸರೂ ಇರಲಿಲ್ಲ. ಸ್ಟ್ರೆಚರ್ ತಳ್ಳುವವರ, ಬಿಲ್ಲಿಂಗ್ ಕೌಂಟರಿನವರ, ಆಂಬುಲೆನ್ಸ್ ಡ್ರೈವರ್‌ನ ಹೆಸರೂ ಇರಲಿಲ್ಲ. ಕಾಯಿಲೆಯವರು ಬಾಗಿಲು ದಾಟಿ ವೈದ್ಯರ ಎದುರು ಕೂರುವಷ್ಟರಲ್ಲಿ ನಾಲ್ಕೈದು ಜನರ ಕೈ ಹಾದು ಬಂದಿರುತ್ತಾರೆ. ಆ ನಾಲ್ಕೈದು ಜನರಲ್ಲಿ ಒಬ್ಬರಿಗೂ ನಾನು ಏನನ್ನೂ ಕಲಿಸಿರಲಿಲ್ಲ. ಅದು ನನ್ನ ತಪ್ಪು. ಇವತ್ತು ಈ ಮಾತಾಡಲು ಒಪ್ಪಿಕೊಂಡದ್ದೂ ಅದಕ್ಕೇ.

ಮೊದಲ ರೋಗಿಯನ್ನು ಮುಟ್ಟುವ ಕೈ ಯಾರದು ಎಂಬ ಪ್ರಶ್ನೆಯನ್ನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಿಂತು ಕೇಳಲು ಕಾರಣವಿದೆ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ, ಆರ್. ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ ಈ ಊರಿಗೆ ಅಡಿಪಾಯ ಹಾಕಿತು. ಆಗ ಸುತ್ತ ಇದ್ದದ್ದು ರಾಗಿ ಹೊಲ. ಇವತ್ತು ಬೆಳಗ್ಗೆ ಬೇರೆ ದೇಶದಲ್ಲಿ ವಿಮಾನ ಹತ್ತಿದವರು ರಾತ್ರಿ ಇಲ್ಲಿನ ಫ್ಲ್ಯಾಟ್‌ನಲ್ಲಿ ಮಲಗುತ್ತಾರೆ. ಅವರ ಕಾಂಪೌಂಡಿನ ಆಚೆ ತಗಡಿನ ಶೆಡ್‌ಗಳಲ್ಲಿ ಒಡಿಶಾ, ಅಸ್ಸಾಂ, ರಾಯಚೂರು, ಯಾದಗಿರಿಯಿಂದ ಬಂದವರು ಒಂದೊಂದು ಕೋಣೆಯಲ್ಲಿ ಆರೇಳು ಜನ ಇರುತ್ತಾರೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳಿಗೆ ದಿನಕ್ಕೆ ಮೂರು ಶಿಫ್ಟ್ ಜನ ತಮಿಳುನಾಡಿನ ಗಡಿ ದಾಟಿ ಬಂದು ಹೋಗುತ್ತಾರೆ. ಜ್ವರ ಬಂದರೆ ಎಲ್ಲರೂ ಮೊದಲು ಬರುವುದು ಪಕ್ಕದ ಮೆಡಿಕಲ್ ಸ್ಟೋರ್‌ಗೆ, ಆಮೇಲೆ ಬೀದಿಯ ಕ್ಲಿನಿಕ್‌ಗೆ, ಅದಾದ ಮೇಲೆ ನಮ್ಮ ಕ್ಯಾಶುವಾಲ್ಟಿಗೆ. ಹೊಸ ವೈರಾಣು ಕರ್ನಾಟಕಕ್ಕೆ ಬಂದರೆ ಅದರ ಮೊದಲ ನಿಲ್ದಾಣಗಳಲ್ಲಿ ಇದೂ ಒಂದಾಗಬಹುದು.

ಈ ಊರೇ ನನಗೆ ಒಂದು ಪಾಠವನ್ನೂ ಕಲಿಸಿತು. ನನ್ನ ತಮ್ಮ ಇಲ್ಲಿನ ಒಂದು ಔಷಧ ಕಾರ್ಖಾನೆಯಲ್ಲಿ ಇಂಜೆಕ್ಷನ್ ಬಾಟಲಿ ತುಂಬುವ ವಿಭಾಗದಲ್ಲಿದ್ದ. ಆ ಕೋಣೆಗೆ ಹೋಗುವ ಮೊದಲು ಅವನು ಬಟ್ಟೆ ಹಾಕಿಕೊಳ್ಳುವ ಪರೀಕ್ಷೆ ಪಾಸಾಗಬೇಕಿತ್ತು. ಹೌದು, ಬಟ್ಟೆ ಹಾಕಿಕೊಳ್ಳುವುದಕ್ಕೇ ಪರೀಕ್ಷೆ. ಬೆಂಚು ದಾಟಿ ಆ ಕಡೆಗೆ ಕಾಲಿಡಬೇಕು, ತಲೆಗವಸು, ಮಾಸ್ಕ್, ಆಮೇಲೆ ನೆಲಕ್ಕೆ ತಾಗದ ಹಾಗೆ ಕವರ್‌ಆಲ್, ಕೊನೆಗೆ ಗ್ಲೌಸ್. ಎಲ್ಲ ಆದ ಮೇಲೆ ಒಬ್ಬರು ಬಂದು, ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಆಹಾರ ತುಂಬಿದ ಪುಟ್ಟ ತಟ್ಟೆಗಳನ್ನು ಅವನ ಬೆರಳ ತುದಿಗೆ, ಮುಂಗೈಗೆ, ಎದೆಗೆ ಒತ್ತಿ ತೆಗೆಯುತ್ತಾರೆ. ತಟ್ಟೆಗಳನ್ನು ಕೆಲವು ದಿನ ಬೆಚ್ಚಗಿಟ್ಟು ಎಷ್ಟು ಚುಕ್ಕಿ ಬೆಳೆದವು ಎಂದು ಎಣಿಸುತ್ತಾರೆ. ಮಿತಿ ಮೀರಿದರೆ ಫೇಲ್. ಸಾಲಾಗಿ ಮೂರು ಸಲ ಪಾಸಾಗುವವರೆಗೆ ಅವನಿಗೆ ಒಳಗೆ ಪ್ರವೇಶವಿರಲಿಲ್ಲ, ಆಮೇಲೂ ವರ್ಷ ವರ್ಷ ಮತ್ತೆ ಪರೀಕ್ಷೆ. ಮೊದಲ ಸಲ ಎಡಗೈ ಹೆಬ್ಬೆರಳ ಮೇಲೆ ಚುಕ್ಕಿ ಬೆಳೆದು ಫೇಲಾಗಿ ಮನೆಗೆ ಬಂದವನು ಊಟಕ್ಕೆ ಕೂತಾಗಲೂ ಆ ಬೆರಳನ್ನೇ ನೋಡಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ.

ಔಷಧವನ್ನು ಮನುಷ್ಯರಿಂದ ಕಾಪಾಡಲು ನಾವು ಇಷ್ಟು ಮಾಡುತ್ತೇವೆ. ಇನ್ನು 2020ರ ಏಪ್ರಿಲ್‌ನಲ್ಲಿ ಮನುಷ್ಯರನ್ನು ವೈರಾಣುವಿನಿಂದ ಕಾಪಾಡಲು ನಾವು ಏನು ಮಾಡಿದೆವು ಎಂದು ಹೇಳುತ್ತೇನೆ. ಪಿಪಿಇ ಕಿಟ್ ಬಂತು. ಪ್ಲಾಸ್ಟಿಕ್ ಚೀಲ ಹರಿದು ಹಾಕಿಕೊಂಡೆವು. ಒಂದು ವಿಡಿಯೊ ತೋರಿಸಿದೆವು. ಮುಗಿಯಿತು.

ಕಿಟ್ ಹಾಕಿಕೊಳ್ಳುವುದು ಕಷ್ಟವಲ್ಲ, ಅಪಾಯ ಇರುವುದು ಬಿಚ್ಚುವಾಗ. ಹೊರಗಿನ ಗ್ಲೌಸ್ ತೆಗೆದು ಕೈಗೆ ಸ್ಯಾನಿಟೈಸರ್. ಜಿಪ್ ಇಳಿಸಿ, ತಲೆಯ ಮುಸುಕನ್ನು ಹಿಂದಕ್ಕೆ ಸರಿಸಿ, ಹೊರಮೈ ಒಳಗಾಗುವ ಹಾಗೆ ಕವರ್‌ಆಲನ್ನು ಸುತ್ತುತ್ತಾ ಕಾಲಿನವರೆಗೆ ಇಳಿಸಬೇಕು, ಮತ್ತೆ ಸ್ಯಾನಿಟೈಸರ್. ಗಾಗಲ್ಸನ್ನು ಮುಂದಿನಿಂದ ಹಿಡಿಯದೆ ತಲೆಯ ಹಿಂದಿನ ಪಟ್ಟಿ ಹಿಡಿದು ತೆಗೆಯಬೇಕು. ಮತ್ತೆ ಸ್ಯಾನಿಟೈಸರ್. ಎನ್-95 ಮಾಸ್ಕ್‌ನ ಕೆಳಗಿನ ಪಟ್ಟಿ ಮೊದಲು, ಮೇಲಿನದು ಆಮೇಲೆ, ಮುಂಭಾಗವನ್ನು ಮುಟ್ಟುವಂತಿಲ್ಲ. ಕೊನೆಗೆ ಒಳಗಿನ ಗ್ಲೌಸ್, ಸೋಪು ಹಚ್ಚಿ ಕೈ ತೊಳೆಯುವುದು. ಆರು ಗಂಟೆ ನೀರು ಕುಡಿಯದೆ, ಬಾತ್‌ರೂಮಿಗೆ ಹೋಗದೆ, ಬೆವರಿನಲ್ಲಿ ತೊಯ್ದು, ಗಾಗಲ್ಸ್ ಮಂಜಾಗಿ ಕಣ್ಣು ಕಾಣದೆ ನಿಂತಿದ್ದವಳು ಇದನ್ನೆಲ್ಲ ಒಂದೂ ತಪ್ಪದೆ ಮಾಡಬೇಕು. ಆ ಹೊತ್ತಿಗೆ ಮೈ ಕೇಳುವುದು ಒಂದೇ: ಮೊದಲು ಮಾಸ್ಕ್ ಕಿತ್ತು ಒಮ್ಮೆ ಉಸಿರೆಳೆದುಕೊಳ್ಳಬೇಕು. ವಿಡಿಯೊ ನೋಡಿ ಕಲಿತದ್ದು ಆಗ ನೆನಪಿಗೆ ಬರುವುದಿಲ್ಲ. ನೂರು ಸಲ ಮಾಡಿದ ಕೈಯಾದರೆ ತಾನಾಗಿ ಮಾಡುತ್ತದೆ.

ಆ ಕವರ್‌ಆಲ್‌ಗಳ ಬಗ್ಗೆ ಇನ್ನೊಂದು ಮಾತು. ಸಾಂಕ್ರಾಮಿಕ ಶುರುವಾದಾಗ ದೇಶದಲ್ಲಿ ಅವನ್ನು ಹೊಲಿಯುವವರೇ ಇರಲಿಲ್ಲ ಅನ್ನಬಹುದು. ಎರಡೇ ತಿಂಗಳಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ದೇಶದ ದೊಡ್ಡ ಉತ್ಪಾದಕರಾದವು. ಬಟ್ಟೆ ಕೊಯಮತ್ತೂರಿನ ಸಿಟ್ರಾ ಪ್ರಯೋಗಾಲಯದ ಪರೀಕ್ಷೆಗೆ ಹೋಗುತ್ತಿತ್ತು. ಕೃತಕ ರಕ್ತವನ್ನು ಒತ್ತಡದಲ್ಲಿ ಹಾಯಿಸಿ, ಒಳಕ್ಕೆ ಜಿನುಗುತ್ತದೆಯೇ ಎಂದು ಅಲ್ಲಿ ನೋಡುತ್ತಿದ್ದರು. ಹೊಲಿಗೆಯ ತೂತಿನಲ್ಲಿ ಜಿನುಗಬಾರದೆಂದು ಹೊಲಿಗೆ ಮೇಲೆ ಟೇಪ್ ಅಂಟಿಸುತ್ತಿದ್ದರು. ನಮ್ಮ ವಾರ್ಡಿನ ಆಯಾ ಒಬ್ಬರ ಮಗಳು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಆ ಟೇಪ್ ಹಚ್ಚುವ ಯಂತ್ರದ ಮೇಲೆ ಕೆಲಸಕ್ಕಿದ್ದಳು. ತಾಯಿ ಕಿಟ್ ಹಾಕಿಕೊಳ್ಳುವ ಮೊದಲು ಕಂಕುಳ ಹತ್ತಿರದ ಟೇಪನ್ನು ಬೆರಳಲ್ಲಿ ಸವರಿ ನೋಡುತ್ತಿದ್ದರು. "ಇಲ್ಲಿ ತಿರುವಿರುತ್ತಲ್ಲ ಸಿಸ್ಟರ್, ಇಲ್ಲೇ ಬಿಡೋದು ಅಂತ ನಮ್ ಹುಡ್ಗಿ ಹೇಳವ್ಳೆ" ಅಂದರು. ನನ್ನ ಯಾವ ತರಬೇತಿಯಲ್ಲೂ ಆ ಮಾತು ಇರಲಿಲ್ಲ. ಮರುದಿನದಿಂದ ನಾವೆಲ್ಲ ಕಂಕುಳ ಟೇಪ್ ನೋಡಿಯೇ ಕಿಟ್ ಹಾಕಿಕೊಂಡೆವು.

ಈಗ ಸ್ವಲ್ಪ ದೂರ, ನಮ್ಮ ಗಡಿಯಾಚೆಯ ಕೇರಳಕ್ಕೆ ಹೋಗೋಣ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಯುವಕ ಜ್ವರದಿಂದ ಬಂದ. ಅದು ನಿಪಾ ವೈರಾಣು ಎಂದು ಯಾರಿಗೂ ಗೊತ್ತಿರಲಿಲ್ಲ. ಅವನ ಶುಶ್ರೂಷೆ ಮಾಡಿದವರಲ್ಲಿ ಲಿನಿ ಪುದುಶ್ಶೇರಿ ಎಂಬ ನರ್ಸ್ ಇದ್ದರು. ಯುವಕನನ್ನು ಮುಂದೆ ಮೆಡಿಕಲ್ ಕಾಲೇಜಿಗೆ ಸಾಗಿಸಿದಾಗ, ಅಲ್ಲಿ ಸ್ಕ್ಯಾನಿಂಗ್‌ಗೆ ಕಾಯುತ್ತಿದ್ದ ಕಾರಿಡಾರಿನಲ್ಲೇ ಹಲವರಿಗೆ ಸೋಂಕು ಹರಡಿತು. ಅದೇ ಮನೆಯ ಮತ್ತೊಬ್ಬರು ಕಾಯಿಲೆ ಬಿದ್ದಾಗ ಒಂದು ಆಸ್ಪತ್ರೆಯ ವೈದ್ಯರಿಗೆ ಅನುಮಾನ ಬಂದು ಮಾದರಿ ಕಳಿಸಿದ್ದು ನಮ್ಮ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ. ನಿಪಾ ಎಂದು ಗುರುತಿಸಿದ್ದು ಅಲ್ಲಿ. ಹೆಸರು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಲಿನಿ ಮೇ 21ರಂದು ತೀರಿಕೊಂಡರು. ಇಬ್ಬರು ಪುಟ್ಟ ಮಕ್ಕಳ ತಾಯಿ ಅವರು.

ಆ ಸಲ ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಅದು ಅಂಟಿದ್ದು ಆಸ್ಪತ್ರೆಗಳ ಒಳಗೆ. ಇದು ಹೊಸದೇನಲ್ಲ. 2002-03ರಲ್ಲಿ ಸಾರ್ಸ್ ಬಂದಾಗ ಜಗತ್ತಿನಲ್ಲಿ 8,096 ಪ್ರಕರಣ ದಾಖಲಾದವು, ಅವರಲ್ಲಿ 1,706 ಮಂದಿ ಆರೋಗ್ಯ ಸಿಬ್ಬಂದಿ. ಐವರಲ್ಲಿ ಒಬ್ಬರು. ಕೊರೊನಾ ಕಾಲದ ಮೊದಲ ಹದಿನೇಳು ತಿಂಗಳಲ್ಲಿ ಲೋಕದಲ್ಲಿ ಸುಮಾರು 1,15,000 ಆರೋಗ್ಯ ಸಿಬ್ಬಂದಿ ಸತ್ತಿರಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಲಿನಿಯವರ ಆ ಡ್ಯೂಟಿಯನ್ನು ನಾನು ಬಹಳ ಸಲ ಮನಸ್ಸಿನಲ್ಲೇ ನಡೆಸಿ ನೋಡಿದ್ದೇನೆ. ಹೊಸ ರೋಗ ಬರುವಾಗ ಹಣೆಯ ಮೇಲೆ ಹೆಸರು ಬರೆದುಕೊಂಡು ಬರುವುದಿಲ್ಲ. ಸಾದಾ ಜ್ವರ, ವಾಂತಿ, ತಲೆನೋವು ಅಂತಲೇ ಬರುತ್ತದೆ. ಆದ್ದರಿಂದ ಸರ್ಕಾರ ಎಚ್ಚರಿಕೆ ಕೊಟ್ಟ ಮೇಲೆ ಮಾಸ್ಕ್ ಹಾಕಿಕೊಳ್ಳುವುದನ್ನು ಕಲಿತರೆ ಮೊದಲ ರೋಗಿಯನ್ನು ನೋಡಿದವರು ಉಳಿಯುವುದಿಲ್ಲ. ಕೆಮ್ಮುವ ಪ್ರತಿಯೊಬ್ಬರಿಗೂ ಗೇಟಿನಲ್ಲೇ ಮಾಸ್ಕ್ ಕೊಟ್ಟು, ಗಾಳಿಯಾಡುವ ಕಡೆ ಬೇರೆಯಾಗಿ ಕೂರಿಸುವುದು ಇವತ್ತು, ಯಾವ ಮಹಾಮಾರಿಯೂ ಇಲ್ಲದ ಈ ಸಂಜೆಯೂ ನಡೆಯಬೇಕು. ನಮ್ಮ ಸುತ್ತಲಿನ ಓಪಿಡಿಗಳಲ್ಲಿ ಈಗ ಒಮ್ಮೆ ಹೋಗಿ ನೋಡಿ. ಕೆಮ್ಮುವವರು, ಗರ್ಭಿಣಿಯರು, ಡಯಾಲಿಸಿಸ್‌ಗೆ ಬಂದವರು ಒಂದೇ ಬೆಂಚಿನಲ್ಲಿರುತ್ತಾರೆ.

2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ ಬಂದವು. ಬೆಂಗಳೂರು ಒಂದರಲ್ಲೇ 23,106. ಕೂಡ್ಲು ಸ್ಮಶಾನದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದ್ದ ಆ ದಿನಗಳು ನಿಮಗೆಲ್ಲ ನೆನಪಿವೆ, ಮತ್ತೆ ವಿವರಿಸುವುದಿಲ್ಲ. ಎಲ್ಲರೂ ಹಾಸಿಗೆ ಇದೆಯಾ, ಆಕ್ಸಿಜನ್ ಇದೆಯಾ ಎಂದು ಫೋನ್ ಮಾಡುತ್ತಿದ್ದರು. ಅದಕ್ಕೆ ಸ್ವಲ್ಪ ಮುಂಚೆ, ಏಪ್ರಿಲ್ ಕೊನೆಯಲ್ಲಿ, ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದ ಡಾ. ದೇವಿ ಶೆಟ್ಟಿಯವರು ಬೇರೆಯೇ ಎಚ್ಚರಿಕೆ ಕೊಟ್ಟರು: ಆಕ್ಸಿಜನ್ ಸಮಸ್ಯೆ ನೀಗಿದ ಮೇಲೆ ಐಸಿಯುಗಳಲ್ಲಿ ನೋಡಿಕೊಳ್ಳಲು ನರ್ಸ್‌ಗಳಿಲ್ಲದೆ, ವೈದ್ಯರಿಲ್ಲದೆ ಜನ ಸಾಯುತ್ತಾರೆ, ಓದು ಮುಗಿಸುತ್ತಿರುವ ನರ್ಸಿಂಗ್ ವಿದ್ಯಾರ್ಥಿಗಳನ್ನು ಕೋವಿಡ್ ವಾರ್ಡುಗಳಿಗೆ ತನ್ನಿ ಎಂದು. ಮೇ 3ರಂದು ಕೇಂದ್ರ ಸರ್ಕಾರ ಬಿ.ಎಸ್ಸಿ. ಮತ್ತು ಜಿ.ಎನ್.ಎಂ. ಮುಗಿಸಿದ ನರ್ಸ್‌ಗಳನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಪೂರ್ಣಾವಧಿ ಕೋವಿಡ್ ಡ್ಯೂಟಿಗೆ ಹಾಕಲು, ಕೊನೆಯ ವರ್ಷದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳನ್ನು ಟೆಲಿ ಸಮಾಲೋಚನೆಗೆ ಬಳಸಲು ನಿರ್ಧರಿಸಿತು.

ದೇವಿ ಶೆಟ್ಟಿಯವರು ಹೇಳಿದ್ದು ಅಕ್ಷರಶಃ ನಿಜ. ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಯ ಪಕ್ಕದಲ್ಲೂ ಒಬ್ಬ ನರ್ಸ್ ಇರಬೇಕು. ನಮ್ಮಲ್ಲಿ ಆ ವಾರ ಒಬ್ಬೊಬ್ಬರು ಮೂರು, ನಾಲ್ಕು ವೆಂಟಿಲೇಟರ್ ನೋಡುತ್ತಿದ್ದರು. ಹೊಸದಾಗಿ ಬಂದ ಹುಡುಗಿಯರು ಧೈರ್ಯವಂತರು, ಅದರಲ್ಲಿ ಸಂಶಯವಿಲ್ಲ. ಆದರೆ ವೆಂಟಿಲೇಟರ್ ಅಲಾರಂ ಕೂಗಿದಾಗ ಟ್ಯೂಬ್‌ನಲ್ಲಿ ಕಫ ಕಟ್ಟಿದೆಯೋ, ಪೈಪ್ ಕಳಚಿದೆಯೋ, ರೋಗಿ ಟ್ಯೂಬ್ ಕಚ್ಚುತ್ತಿದ್ದಾನೋ ಎಂದು ಎರಡೇ ಕ್ಷಣದಲ್ಲಿ ತಿಳಿಯುವುದು ವರ್ಷಗಟ್ಟಲೆ ಪಕ್ಕದಲ್ಲಿ ನಿಂತವರಿಗೆ. ಯಂತ್ರವನ್ನು ಮೂರು ತಿಂಗಳಲ್ಲಿ ತಯಾರಿಸಬಹುದು. ಮೈಸೂರಿನ ಸ್ಕ್ಯಾನ್‌ರೇ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ಸಾವಿರಾರು ವೆಂಟಿಲೇಟರ್ ಮಾಡಿ ತೋರಿಸಿದವು. ಆ ಅಲಾರಂನ ಅರ್ಥ ಬಲ್ಲ ನರ್ಸ್ ಮೂರು ತಿಂಗಳಲ್ಲಿ ತಯಾರಾಗುವುದಿಲ್ಲ.

ಅದೇ 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಸತ್ತವರು 24 ಎಂದು ಮೊದಲು ಹೇಳಿದರು, ಹೈಕೋರ್ಟ್ ನೇಮಿಸಿದ ಸಮಿತಿ 36 ಎಂದಿತು. ಜವಾಬ್ದಾರಿ ಯಾರದೆಂಬ ವಿಚಾರಕ್ಕೆ ನಾನಿಲ್ಲಿ ಹೋಗುವುದಿಲ್ಲ. ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ: ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ, ಸಿಲಿಂಡರುಗಳಿಂದ ಆಕ್ಸಿಜನ್ ಹಾಯಿಸುವ ಮ್ಯಾನಿಫೋಲ್ಡ್ ಕೋಣೆಯ ಮೀಟರ್ ನೋಡುವವರು ಯಾರು, ಮುಳ್ಳು ಕೆಳಗಿಳಿದರೆ ಅವರು ಯಾರಿಗೆ ಫೋನ್ ಮಾಡಬೇಕು, ಆ ಫೋನ್ ಎತ್ತದಿದ್ದರೆ ಇನ್ನು ಯಾರಿಗೆ? ಈ ಮೂರು ಹೆಸರು ಆ ಕೋಣೆಯ ಗೋಡೆಯ ಮೇಲೆ ಇವೆಯೇ?

2022ರ ಡಿಸೆಂಬರ್ 27ರಂದು ದೇಶದಾದ್ಯಂತ ಆಸ್ಪತ್ರೆಗಳಲ್ಲಿ ಕೋವಿಡ್ ಮಾಕ್ ಡ್ರಿಲ್ ಆಯಿತು. 2023ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ. ಒಳ್ಳೆಯ ಕೆಲಸ, ಆಗಬೇಕಾದ್ದೇ. ಹಾಸಿಗೆ, ಆಕ್ಸಿಜನ್ ಘಟಕ, ವೆಂಟಿಲೇಟರ್ ಜೊತೆಗೆ ಸಿಬ್ಬಂದಿಯ ಲೆಕ್ಕವೂ ಅದರಲ್ಲಿತ್ತು. ಲೆಕ್ಕಕ್ಕೆ ಸಿಗುವುದು ತರಬೇತಿ ಪಡೆದವರ ಸಂಖ್ಯೆ. ತರಬೇತಿ ಪಡೆದವರು ಇನ್ನೂ ಅಲ್ಲೇ ಇದ್ದಾರೆಯೇ ಎಂಬುದು ಸಿಗುವುದಿಲ್ಲ. 2025ರ ಜನವರಿ 6ರಂದು ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ಕಂಡಿತೆಂದು ಟಿವಿಯಲ್ಲಿ ಗದ್ದಲವಾಯಿತು. ಅದು 2001ರಿಂದಲೇ ಗೊತ್ತಿರುವ ವೈರಾಣು, ಅಷ್ಟು ಹೆದರಬೇಕಾದ್ದೇನೂ ಇರಲಿಲ್ಲ. ನಾನು ಆ ದಿನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ, ನಮ್ಮ ಕೋವಿಡ್ ವಾರ್ಡಿನವರು ಯಾರ್ಯಾರಿದ್ದೀರಿ ಎಂದು ಕೇಳಿದೆ. ಬೆರಳೆಣಿಕೆಯಷ್ಟು ಜನ. ಕೆಲವರು ಕೊಲ್ಲಿ ದೇಶಗಳಿಗೆ, ಕೆಲವರು ಇಂಗ್ಲೆಂಡಿಗೆ ಹೋಗಿದ್ದರು. ಹೌಸ್‌ಕೀಪಿಂಗ್ ಏಜೆನ್ಸಿಯೇ ಬದಲಾಗಿತ್ತು, ಹಾಗಾಗಿ ಆ ಆಯಾಗಳು ಒಬ್ಬರೂ ಇರಲಿಲ್ಲ. ಕಂಕುಳ ಟೇಪ್ ನೋಡಲು ಕಲಿಸಿದ ಅಕ್ಕನೂ ಇರಲಿಲ್ಲ. ಹೋದವರನ್ನು ನಾನು ದೂರುವುದಿಲ್ಲ. ಅಲ್ಲಿ ಸಿಗುವ ಸಂಬಳ, ಗೌರವ ಇಲ್ಲಿ ಸಿಕ್ಕಿದ್ದರೆ ಮಕ್ಕಳನ್ನು ಬಿಟ್ಟು ಯಾರು ಹೋಗುತ್ತಿದ್ದರು? 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಮುಷ್ಕರಕ್ಕೆ ಇಳಿಯಬೇಕಾಯಿತು. ಸತ್ತರೆ 50 ಲಕ್ಷದ ವಿಮೆ ಇತ್ತು. ಬದುಕಿದ್ದಾಗ ಕೇಳಿದ್ದು ಹನ್ನೆರಡು ಸಾವಿರ.

ಭಯದ ವಿಷಯವನ್ನೂ ಹೇಳಲೇಬೇಕು. ನಮ್ಮ ಕಿರಿಯ ಸಿಸ್ಟರ್‌ಗಳಲ್ಲಿ ಹಲವರು ಪಿಜಿಗಳಲ್ಲಿದ್ದರು. ನರ್ಸ್ ಎಂದು ತಿಳಿದ ಮೇಲೆ ಇಬ್ಬರ ಸೂಟ್‌ಕೇಸನ್ನು ಬಾಗಿಲಾಚೆ ಇಟ್ಟಿದ್ದರು. ಅವರು ಒಂದು ವಾರ ಫಿಸಿಯೋಥೆರಪಿ ಕೋಣೆಯಲ್ಲಿ ಮಲಗಿದರು. ಒಬ್ಬಳು ಮಗುವಿಗೆ ಹಾಲೂಡಿಸುತ್ತಿದ್ದವಳು, ಮನೆಗೆ ಹೋಗಲೋ ಬೇಡವೋ ಎಂದು ದಿನಾ ನನ್ನನ್ನೇ ಕೇಳುತ್ತಿದ್ದಳು. ಎಲ್ಲಿ ಮಲಗುವುದು, ಹೇಗೆ ಬಂದು ಹೋಗುವುದು, ಮಗುವನ್ನು ನೋಡುವವರು ಯಾರು, ಮನಸ್ಸು ಮುರಿದರೆ ಯಾರ ಹತ್ತಿರ ಮಾತಾಡುವುದು, ಇವಕ್ಕೆ ಮುಂಚೆಯೇ ಉತ್ತರ ಬರೆದಿಟ್ಟಿರದ ಆಸ್ಪತ್ರೆಯನ್ನು ಸಿದ್ಧವಾಗಿದೆ ಎಂದು ನಾನು ಒಪ್ಪುವುದಿಲ್ಲ. ಇದೇ ಹೊಸೂರು ರಸ್ತೆಯ ನಿಮ್ಹಾನ್ಸ್ ಆಗ ಸಹಾಯವಾಣಿ ತೆರೆದದ್ದು ನಮ್ಮಲ್ಲಿ ಹಲವರಿಗೆ ಆಸರೆಯಾಯಿತು.

ಇಲ್ಲಿನ ಕಂಪನಿಗಳ ಪ್ರತಿನಿಧಿಗಳು ಮುಂದಿನ ಸಾಲಿನಲ್ಲಿದ್ದೀರಿ. ಎರಡನೇ ಅಲೆಯಲ್ಲಿ ನಿಮ್ಮ ಸಿಎಸ್‌ಆರ್ ಹಣದಿಂದ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳನ್ನು ನಾನೇ ಕೈಯಾರೆ ಇಳಿಸಿಕೊಂಡಿದ್ದೇನೆ. ಆ ಉಪಕಾರ ಮರೆತಿಲ್ಲ. ನಿಮ್ಮ ಕಟ್ಟಡಗಳಲ್ಲಿ ತಪ್ಪದೆ ಬೆಂಕಿಯ ಡ್ರಿಲ್ ಮಾಡುತ್ತೀರಿ, ಸೆಕ್ಯುರಿಟಿ, ಕ್ಯಾಂಟೀನಿನವರು ಸೇರಿ ಎಲ್ಲರೂ ಹೊರಗೆ ಬಂದು ನಿಲ್ಲುತ್ತೀರಿ. ಮುಂದಿನ ಸಲ ಯಂತ್ರದ ಬದಲು ಸಮಯ ಕೊಡಿಸಿ ಎಂದು ಕೇಳುತ್ತೇನೆ. ಪ್ರತಿ ಆಸ್ಪತ್ರೆಯಲ್ಲಿ ಪ್ರತಿಯೊಬ್ಬ ಸಿಬ್ಬಂದಿಗೂ, ಏಜೆನ್ಸಿಯವರಿಗೂ, ತಿಂಗಳಿಗೆ ಎರಡು ಗಂಟೆ ಅಭ್ಯಾಸ. ಆ ಎರಡು ಗಂಟೆ ಅವರ ಜಾಗದಲ್ಲಿ ನಿಲ್ಲುವವರ ಸಂಬಳ ನಿಮ್ಮದಾಗಲಿ. ಶಿಫ್ಟ್ ಮುಗಿದ ಮೇಲೆ ಉಳಿಸಿಕೊಂಡು ಕೊಡುವ ತರಬೇತಿ ಬೇಡ, ಆ ಹೊತ್ತಿಗೆ ಅವರ ಕಣ್ಣು ಬಸ್ಸಿನ ಮೇಲಿರುತ್ತದೆ.

ಅಭ್ಯಾಸಕ್ಕೆ ದೊಡ್ಡ ಖರ್ಚಿಲ್ಲ. ಆ ವಿಡಿಯೊ ಸಾಲದೆಂದು ತಿಳಿದ ಮೇಲೆ ನಾನು ಮಾಡುತ್ತಿದ್ದದ್ದು ಇಷ್ಟು: ನೇರಳಾತೀತ ಬೆಳಕಿನಲ್ಲಿ ಮಾತ್ರ ಹೊಳೆಯುವ ಪುಡಿಯನ್ನು ಕಿಟ್‌ನ ಹೊರಮೈಗೆ ಸವರಿ, ಕಿಟ್ ಬಿಚ್ಚಲು ಹೇಳುವುದು. ಆಮೇಲೆ ದೀಪ ಆರಿಸಿ, ಅಂಗಡಿಯವರು ಕಳ್ಳನೋಟು ನೋಡುವ ಪುಟ್ಟ ಟಾರ್ಚ್ ಹಾಯಿಸುವುದು. ಮೊದಲ ಸಲ ಎಲ್ಲರ ಕಿವಿಯ ಹಿಂದೆ, ಮಣಿಕಟ್ಟಿನಲ್ಲಿ, ಮೂಗಿನ ಪಕ್ಕ ಪುಡಿ ಹೊಳೆಯುತ್ತದೆ. ಹಿರಿಯ ವೈದ್ಯರ ಕತ್ತಿನ ಮೇಲೂ ಹೊಳೆದದ್ದನ್ನು ನೋಡಿದ ಮೇಲೆ ಆಯಾಗಳು ಸಂಕೋಚ ಬಿಟ್ಟು ಪ್ರಶ್ನೆ ಕೇಳತೊಡಗಿದರು. ಕಿಟ್ ಬಿಚ್ಚುವ ಕೋಣೆಯಲ್ಲಿ ಒಂದು ನಿಯಮ ಮಾಡಿದೆವು. ಬಿಚ್ಚುವವರು ಯಾರೇ ಆಗಿರಲಿ, ಎದುರು ನಿಂತು ನೋಡುತ್ತಿರುವವರು "ನಿಲ್ಲಿ" ಅಂದರೆ ಕೈ ಅಲ್ಲೇ ನಿಲ್ಲಬೇಕು. ನಮ್ಮ ಮೆಡಿಕಲ್ ಸೂಪರಿಂಟೆಂಡೆಂಟರಿಗೆ ಮೊದಲ ಸಲ "ನಿಲ್ಲಿ ಸಾರ್" ಎಂದವರು ನೆಲ ಒರೆಸುವ ಅಕ್ಕ. ಅವರು ನಿಂತರು.

ಗೇಟಿನ ಆ ಹುಡುಗ ಕೇಳಿದ ಮರುದಿನವೇ ನಾನು ಇನ್ನೊಂದು ರಿಜಿಸ್ಟರ್ ತೆರೆದೆ. ನೋಟ್‌ಬುಕ್ ಅಂಗಡಿಯಲ್ಲಿ ಸಿಗುವ ಕೆಂಪು ಬೆನ್ನಿನ ಉದ್ದ ಪುಸ್ತಕ. ಹೆಸರು, ಏಜೆನ್ಸಿ, ಯಾವ ಬಾಗಿಲು ಅಥವಾ ಯಾವ ಮಹಡಿ, ಕೈಯಾರೆ ಮಾಡಿ ತೋರಿಸಿದ ದಿನಾಂಕ, ಕೆಲಸ ಬಿಟ್ಟ ದಿನಾಂಕ. ಆ ಕೊನೆಯ ಕಾಲಂ ಬೇಗ ತುಂಬುತ್ತಿತ್ತು. ತುಂಬಿದ ದಿನವೇ ಹೊಸಬರನ್ನು ಕರೆದು ಮೊದಲಿಂದ ಶುರು ಮಾಡುತ್ತಿದ್ದೆ. ನಿವೃತ್ತಳಾದ ದಿನ ಅದನ್ನು ಮುಂದಿನ ಸಿಸ್ಟರ್ ಕೈಗೆ ಕೊಟ್ಟು ಬಂದೆ. ಹೋದ ತಿಂಗಳು ಆಸ್ಪತ್ರೆಗೆ ಹೋದಾಗ ಕೇಳಿ ನೋಡಿದೆ, ಅದು ನಾಲ್ಕನೇ ಪುಸ್ತಕಕ್ಕೆ ಬಂದಿದೆ. ಮೊದಲ ಪುಸ್ತಕದ ಮೊದಲ ಸಾಲಿನಲ್ಲಿ ಮಾನ್ವಿಯ ಹುಡುಗನ ಹೆಸರಿದೆ, ಅದರ ಮುಂದೆ ಅವನೇ ಬರೆದ ದುಂಡನೆಯ ಸಹಿ.